ಮೂಲ ಕೋಡ್ ಮುಟ್ಟದೆ ಹೊರಗಿನ ಸಲಕರಣೆ ಜೋಡಿಸುವ ಬಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ವಿಕ್ರಿ ಮಾಡಿಸುವ ಸಂಘಗಳ, ವಖಾರಿಗಳ ಕಚೇರಿಯಲ್ಲಿ ಓಡುವ ತಂತ್ರಾಂಶದ ತಿರುಳು ಚಿಕ್ಕದು. ಬೆಳೆಗಾರ ತಂದ ಮಹಸೂಲಿನ ತೂಕ ಬರೆದುಕೊಳ್ಳಬೇಕು, ಲಾಟ್ ನಂಬರು ಕೊಡಬೇಕು, ಟೆಂಡರಿನಲ್ಲಿ ಬಂದ ದರ ಹಚ್ಚಬೇಕು, ಹಮಾಲಿ-ಕಮಿಷನ್ ಕಳೆದು ಪಟ್ಟಿ (ಮಾರಾಟದ ಬಿಲ್) ತೆಗೆಯಬೇಕು, ಹಣ ಖಾತೆಗೆ ಜಮಾ ಮಾಡಬೇಕು. ಇಷ್ಟು ಸರಿಯಾಗಿ ನಡೆಯತೊಡಗಿದ ಮೇಲೆ ಬೇಡಿಕೆಗಳೆಲ್ಲ ಅಂಚಿನಿಂದ ಬರುತ್ತವೆ. ಹೊಸ ಕಂಪನಿಯ ತೂಕದ ಯಂತ್ರ ಬಂತು, ಅದರಿಂದ ನೇರ ತೂಕ ಬರಲಿ. ಪಟ್ಟಿ ಆದ ಕೂಡಲೇ ಬೆಳೆಗಾರರ ಮೊಬೈಲಿಗೆ ಸಂದೇಶ ಹೋಗಲಿ. ಲೆಕ್ಕ ಪರಿಶೋಧಕರಿಗೆ ಲೆಕ್ಕವೆಲ್ಲ ಟ್ಯಾಲಿ ತಂತ್ರಾಂಶದಲ್ಲಿ ಬೇಕು.

ಪ್ರತಿಯೊಂದನ್ನೂ ಮೂಲ ಕೋಡಿನೊಳಗೆ ತುರುಕುತ್ತ ಹೋದರೆ ತೂಕದ ಯಂತ್ರದ ಒಂದು ಸಾಲು ಬದಲಿಸಿದಾಗ ಪಟ್ಟಿಯ ಮೊತ್ತ ತಪ್ಪುವ ದಿನ ಬಂದೇ ಬರುತ್ತದೆ. ಹೊರಗಿನವರು ಬರೆದ ಸಲಕರಣೆ (ಪ್ಲಗಿನ್) ಮೂಲ ಕೋಡ್ ಮುಟ್ಟದೆ ಸೇರಿಕೊಳ್ಳುವ ಜಾಗವನ್ನು ಇಲ್ಲಿ ಕಿಂಡಿ ಎಂದು ಕರೆಯೋಣ. ಕಿಂಡಿ ಕಡಿಮೆ ಇರಲಿ, ತಂತ್ರಾಂಶದ ಪ್ರೋಗ್ರಾಮಿನ ಹೊರಗೆ ಇರಲಿ, ಒಮ್ಮೆ ತೆರೆದ ಕಿಂಡಿಯ ಮಾತು ಬದಲಾಗದಿರಲಿ. ಮುಂದಿನ ಹಂತಗಳೆಲ್ಲ ಈ ಮೂರನ್ನು ಸಾಧಿಸುವ ದಾರಿ. ಉದಾಹರಣೆಗಳು ಅಡಿಕೆಯವು. ಕಾರವಾರದ ಬೈತಖೋಲದಲ್ಲಿ ಮೀನಿನ ಹರಾಜಿನ ಲೆಕ್ಕ ಬರೆಯುವವರಿಗೂ ಇದೇ ಕ್ರಮ ನಡೆಯುತ್ತದೆ.

ಹಂತ 1: ಕಿಂಡಿ ಎಲ್ಲಿ ಬೇಕು, ಎಲ್ಲಿ ಬೇಡ

ಕಳೆದ ಎರಡು ವರ್ಷಗಳಲ್ಲಿ ಬಂದ ಬದಲಾವಣೆಯ ಬೇಡಿಕೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಒಂದೊಂದರ ಮುಂದೆಯೂ ಮೂರರಲ್ಲಿ ಒಂದು ಗುರುತು ಹಾಕಿ: ಇದು ಬರೀ ಮಾಹಿತಿ, ಇದು ತಿರುಳಿನ ಕೆಲಸ, ಇದು ಹೊರಗಿನ ಸಲಕರಣೆ.

ಬಹಳಷ್ಟು ಬೇಡಿಕೆಗಳು ಮೊದಲನೆಯ ಗುಂಪಿಗೇ ಸೇರುತ್ತವೆ. ಶಿರಸಿ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು ಎಂದು ದರ ಬರೆಯುತ್ತಾರೆ. ಘಟ್ಟ ಇಳಿದು ಕುಮಟಾಕ್ಕೆ ಹೋದರೆ ಹಳೆ ಚಾಲಿ, ಹೊಸ ಚಾಲಿ, ಚಿಪ್ಪು, ಕೋಕಾ, ಫ್ಯಾಕ್ಟರಿ. ಇದಕ್ಕೆ ಪ್ಲಗಿನ್ ಬೇಕಿಲ್ಲ, ಒಂದು ಕೋಷ್ಟಕ ಸಾಕು. ಹಮಾಲಿ ದರ, ಕಮಿಷನ್ ಶೇಕಡಾ, ಚೀಲದ ತೂಕ ಕಳೆಯುವ ನಿಯಮವೂ ಹಾಗೆಯೇ. ಆ ಕೋಷ್ಟಕದಲ್ಲಿ ‘ಯಾವ ದಿನಾಂಕದಿಂದ’ ಎಂಬ ಕಾಲಂ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಹಳೆಯ ಪಟ್ಟಿಯನ್ನು ಮತ್ತೆ ಮುದ್ರಿಸಿದಾಗ ಹೊಸ ದರ ಹತ್ತಿ ಕುಳಿತಿರುತ್ತದೆ.

ತೂಕದ ದಾಖಲೆ, ಮೊತ್ತದ ಲೆಕ್ಕ, ಜಮಾ-ಖರ್ಚು, ಇವು ತಿರುಳು. ಇಲ್ಲಿಗೆ ಕಿಂಡಿ ಬೇಡವೇ ಬೇಡ. ಎಷ್ಟೇ ಒತ್ತಾಯ ಬಂದರೂ ಹೊರಗಿನ ಕೋಡ್ ಮೊತ್ತವನ್ನು ತಿದ್ದುವಂತಿರಬಾರದು.

ಮೂರನೆಯ ಗುಂಪಿನಲ್ಲಿ ಉಳಿದವು ಮಾತ್ರ ಕಿಂಡಿಗೆ ಅರ್ಹ. ಅಲ್ಲೂ ಒಂದು ನಿಯಮ ಇಟ್ಟುಕೊಳ್ಳಿ: ಒಂದೇ ಜಾಗಕ್ಕೆ ಕನಿಷ್ಠ ಎರಡು ಬೇರೆ ಬೇರೆ ಸಲಕರಣೆಗಳು ನಿಜವಾಗಿ ಬೇಕಾಗುವವರೆಗೆ ಕಿಂಡಿ ತೆರೆಯಬೇಡಿ. ಒಂದೇ ತೂಕದ ಯಂತ್ರ ನೋಡಿ ಮಾಡಿದ ಕಿಂಡಿಗೆ ಎರಡನೆಯ ಯಂತ್ರ ಹೊಂದುವುದಿಲ್ಲ.

ಕಿಂಡಿಗಳಲ್ಲಿ ಮೂರು ಬಗೆ. ಕೆಲಸ ಆದ ಮೇಲೆ ತಿಳಿಸುವುದು ಒಂದು: ಪಟ್ಟಿ ಮುಗಿಯಿತು, ಹಣ ಜಮಾ ಆಯಿತು. ಆಗುವ ಮುನ್ನ ಕೇಳುವುದು ಇನ್ನೊಂದು: ಈ ಖರೀದಿದಾರರ ಸಾಲದ ಮಿತಿ ಮೀರಿದೆಯೇ? ಕೆಲಸವನ್ನೇ ವಹಿಸುವುದು ಮೂರನೆಯದು: ತೂಕ ಎಷ್ಟೆಂದು ನೀನೇ ಓದಿ ಹೇಳು. ಸಾಧ್ಯವಾದಷ್ಟು ಮೊದಲ ಬಗೆಯಲ್ಲೇ ಮುಗಿಸಿ, ಅದು ಕೆಟ್ಟರೂ ಕೌಂಟರಿನ ಕೆಲಸ ನಿಲ್ಲುವುದಿಲ್ಲ. ಎರಡನೆಯ ಬಗೆ ತೆರೆಯುವಾಗ ಉತ್ತರವೇ ಬಾರದಿದ್ದರೆ ಏನು ಎಂಬುದನ್ನು ಅಂದೇ ತೀರ್ಮಾನಿಸಿ ಬರೆದಿಡಿ. ಸಾಲದ ಮಿತಿಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ವ್ಯವಹಾರ ತಡೆಯಬೇಕು. ಮೊಬೈಲ್ ನಂಬರು ಸರಿಯೇ ಎಂಬ ಪ್ರಶ್ನೆಯಾದರೆ ಮುಂದೆ ಬಿಡಬೇಕು.

ಹಂತ 2: ಪ್ಲಗಿನ್ ಪ್ರತ್ಯೇಕ ಪ್ರೋಗ್ರಾಮಾಗಿ ಓಡಲಿ

ನಿಮ್ಮ ಪ್ರೋಗ್ರಾಮಿನೊಳಗೇ ಹೊರಗಿನ ಲೈಬ್ರರಿ ಸೇರಿಸುವುದು ಬರೆಯಲು ಸುಲಭ, ವೇಗವೂ ಹೆಚ್ಚು. ಆದರೆ ಅದು ಕುಸಿದರೆ ನಿಮ್ಮ ಪ್ರೋಗ್ರಾಂ ಕೂಡ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮತ್ತೊಂದಿದೆ. ಒಳಗೆ ಬಂದ ಕೋಡ್ ನೀವು ತೋರಿಸದ ಭಾಗಗಳನ್ನೂ ಬಳಸತೊಡಗುತ್ತದೆ, ಆಮೇಲೆ ನಿಮ್ಮ ಕೋಡನ್ನು ನೀವೇ ಬದಲಿಸಲಾಗದು. ಫೈರ್‌ಫಾಕ್ಸ್ ಬ್ರೌಸರಿಗೆ ಆದದ್ದು ಇದೇ. ಅದರ ಹಳೆಯ ಆ್ಯಡ್-ಆನ್‌ಗಳು ಬ್ರೌಸರಿನ ಒಳಭಾಗಗಳನ್ನೆಲ್ಲ ನೇರವಾಗಿ ಮುಟ್ಟುತ್ತಿದ್ದವು. 2017ರ ನವೆಂಬರಿನಲ್ಲಿ ಬಂದ 57ನೆಯ ಆವೃತ್ತಿಯಲ್ಲಿ ಆ ಪದ್ಧತಿಯನ್ನೇ ಕೈಬಿಡಬೇಕಾಯಿತು, ಎಷ್ಟೋ ಜನಪ್ರಿಯ ಆ್ಯಡ್-ಆನ್‌ಗಳು ಅಂದಿಗೆ ನಿಂತವು. ಕೋಡ್ ಬರೆಯುವ ಎಡಿಟರಾದ ವಿಷುಯಲ್ ಸ್ಟುಡಿಯೋ ಕೋಡ್ ಮೊದಲಿನಿಂದ ಎಕ್ಸ್‌ಟೆನ್ಶನ್‌ಗಳನ್ನು ಬೇರೆ ಪ್ರಕ್ರಿಯೆಯಲ್ಲಿ ಓಡಿಸುತ್ತದೆ. 2016ರಲ್ಲಿ ಮೈಕ್ರೋಸಾಫ್ಟ್ ಮುಂದಿಟ್ಟ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ (ಎಡಿಟರು, ಪ್ರೋಗ್ರಾಮಿಂಗ್ ಭಾಷೆಯೊಂದರ ನೆರವು ಕೊಡುವ ಪ್ರೋಗ್ರಾಂ ಪರಸ್ಪರ ಮಾತಾಡುವ ನಿಯಮ) ಇದೇ ಹಾದಿಯದು. ಎರಡು ಪ್ರೋಗ್ರಾಮುಗಳ ನಡುವೆ ಜೇಸನ್ ಎಂಬ ಸರಳ ಪಠ್ಯರೂಪದಲ್ಲಿ ಬರೆದ ಜೇಸನ್-ಆರ್‌ಪಿಸಿ ಸಂದೇಶ ಓಡಾಡುತ್ತದೆ, ಹಾಗಾಗಿ ಒಂದೇ ಭಾಷಾ ಸರ್ವರ್ ಹತ್ತಾರು ಎಡಿಟರುಗಳಿಗೆ ಹೊಂದುತ್ತದೆ.

ಸಣ್ಣ ಕಚೇರಿಯ ತಂತ್ರಾಂಶಕ್ಕೆ ಎರಡು ದಾರಿ ಸಾಕು. ಅದೇ ಕಂಪ್ಯೂಟರಿನಲ್ಲಿ ಓಡುವ ಸಲಕರಣೆಯಾದರೆ (ತೂಕದ ಯಂತ್ರ, ಲೇಬಲ್ ಪ್ರಿಂಟರ್) ನಿಮ್ಮ ತಂತ್ರಾಂಶವೇ ಅದನ್ನು ಆರಂಭಿಸಿ, ಅದರ ಇನ್‌ಪುಟ್‌ಗೆ ಒಂದು ಸಾಲಿಗೆ ಒಂದು ಜೇಸನ್ ಸಂದೇಶ ಬರೆದು, ಔಟ್‌ಪುಟ್‌ನಿಂದ ಉತ್ತರ ಓದಲಿ. ಬೇರೆಡೆ ಇರುವ ಸೇವೆಯಾದರೆ ಎಚ್‌ಟಿಟಿಪಿ. ಇವೆರಡೂ ಬೇಡವೆನ್ನುವವರಿಗೆ ಫೋಲ್ಡರಿನಲ್ಲಿ ಸಿಎಸ್‌ವಿ ಫೈಲ್ ಇಡುವ ಹಳೆಯ ಕ್ರಮವೂ ಕೆಟ್ಟದ್ದಲ್ಲ. ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆದು, ಪೂರ್ಣವಾದ ಮೇಲೆ ಹೆಸರು ಬದಲಿಸಿ. ಇಲ್ಲವಾದರೆ ಆ ಕಡೆಯವರು ಅರ್ಧ ಬರೆದ ಫೈಲನ್ನೇ ಎತ್ತಿಕೊಳ್ಳುತ್ತಾರೆ.

ಹಂತ 3: ಕರಾರು ಬರೆಯಿರಿ

ಕಿಂಡಿಯಲ್ಲಿ ಏನು, ಯಾವ ರೂಪದಲ್ಲಿ ಓಡಾಡಬೇಕೆಂದು ಬರೆದಿಟ್ಟ ಒಪ್ಪಂದವೇ ಕರಾರು. ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಪಟ್ಟಿ ಮುಗಿದ ಸಂದೇಶ ಹೀಗಿರಬಹುದು (ಹೆಸರುಗಳು ಓದಲು ಅನುಕೂಲವಾಗಲೆಂದು ಕನ್ನಡದಲ್ಲಿವೆ):

{
"ಕರಾರು": "1.2",
"ಘಟನೆ": "ಪಟ್ಟಿ_ಮುಗಿಯಿತು",
"ಘಟನೆ_ಗುರುತು": "7730441802",
"ಸಮಯ": "2025-01-16 11:42:08+05:30",
"ಸದಸ್ಯ_ಗುರುತು": "004417",
"ಬಗೆ_ಗುರುತು": "12",
"ಬಗೆ_ಹೆಸರು": "ರಾಶಿ",
"ತೂಕ_ಗ್ರಾಂ": 52400,
"ದರ_ಪೈಸೆ_ಕ್ವಿಂಟಲಿಗೆ": 4809900,
"ಮೊತ್ತ_ಪೈಸೆ": 2520388
}

ತೂಕ ಗ್ರಾಮಿನಲ್ಲಿ, ಹಣ ಪೈಸೆಯಲ್ಲಿ, ಎರಡೂ ಪೂರ್ಣಾಂಕ. ದಶಮಾಂಶ ಕಳಿಸಿದರೆ ಒಂದೊಂದು ಪ್ರೋಗ್ರಾಮಿಂಗ್ ಭಾಷೆ ಒಂದೊಂದು ರೀತಿ ಓದಿ ಕೊನೆಯ ಅಂಕಿ ಕೆಡಿಸುತ್ತದೆ. ಮೊತ್ತವನ್ನು ನೀವೇ ಲೆಕ್ಕ ಹಾಕಿ ಕಳಿಸಿ, ಪ್ಲಗಿನ್‌ಗೆ ಬಿಡಬೇಡಿ. ಮೇಲಿನ ಉದಾಹರಣೆಯಲ್ಲಿ 52.4 ಕಿಲೋ ಅಡಿಕೆಗೆ ಕ್ವಿಂಟಲಿಗೆ 48,099 ರೂಪಾಯಿಯಂತೆ ಬರುವುದು 25,203 ರೂಪಾಯಿ 87.6 ಪೈಸೆ. ನಿಮ್ಮ ಕಡೆ ಹತ್ತಿರದ ಪೈಸೆಗೆ, ಟ್ಯಾಲಿಗೆ ಕಳಿಸುವ ಪ್ಲಗಿನ್ ಹತ್ತಿರದ ರೂಪಾಯಿಗೆ ಸರಿಹೊಂದಿಸಿದರೆ ತಿಂಗಳ ಕೊನೆಗೆ ಎರಡು ಪುಸ್ತಕ ತಾಳೆಯಾಗುವುದಿಲ್ಲ, ಕಾರಣ ಹುಡುಕಲು ಯಾರಿಗೂ ತೋಚುವುದೂ ಇಲ್ಲ.

ಗುರುತುಗಳು ಅಂಕಿಯಂತೆ ಕಂಡರೂ ಪಠ್ಯವಾಗಿಯೇ ಇರಲಿ. ಸಂಖ್ಯೆಯಾಗಿ ಕಳಿಸಿದರೆ ಮುಂದಿನ ಸೊನ್ನೆಗಳು ಹಾರುತ್ತವೆ, ತೀರ ದೊಡ್ಡ ಸಂಖ್ಯೆಯನ್ನು ಜಾವಾಸ್ಕ್ರಿಪ್ಟ್ ನಿಖರವಾಗಿ ಹಿಡಿಯದು. ಬಿಲ್ ನಂಬರನ್ನು ಗುರುತಾಗಿ ಬಳಸಲೇಬೇಡಿ: ಏಪ್ರಿಲ್ 1ಕ್ಕೆ ಹೊಸ ಆರ್ಥಿಕ ವರ್ಷದಲ್ಲಿ ನಂಬರು ಮತ್ತೆ 1ರಿಂದ ಶುರುವಾದರೆ, ಆ ನಂಬರು ಮೊದಲೇ ಇದೆಯೆಂದು ಪ್ಲಗಿನ್ ಹೊಸ ಪಟ್ಟಿಗಳನ್ನೆಲ್ಲ ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ಕನ್ನಡ ಪಠ್ಯದ ಬಗ್ಗೆ ಕರಾರಿನಲ್ಲಿ ಸ್ಪಷ್ಟ ಮಾತಿರಲಿ: ಯುಟಿಎಫ್-8, ಯುನಿಕೋಡ್ ಮಾತ್ರ, ಎನ್‌ಎಫ್‌ಸಿ ರೂಪದಲ್ಲಿ (ಒಂದೇ ಅಕ್ಷರವನ್ನು ಬೇರೆ ಬೇರೆ ಬಗೆಯಲ್ಲಿ ಬರೆದದ್ದನ್ನು ಒಂದೇ ಸಂಕೇತಕ್ಕೆ ತರುವ ಯುನಿಕೋಡ್ ಕ್ರಮ). ಹಳೆಯ ಸದಸ್ಯರ ಹೆಸರುಗಳು ನುಡಿ ಫಾಂಟಿನ ಆಸ್ಕಿ ರೂಪದಲ್ಲಿ ಉಳಿದಿದ್ದರೆ ಹೊರಗೆ ಕಳಿಸುವ ಮೊದಲು ತಿರುಳಿನಲ್ಲೇ ಪರಿವರ್ತಿಸಿ. ಯುನಿಕೋಡಿನಲ್ಲೂ ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ಅರ್ಧಾಕ್ಷರದ ನಂತರ ಕಾಣದಂತೆ ಕೂತಿರುವ ಜೋಡಣೆ-ತಡೆ ಚಿಹ್ನೆಯೂ ಇದೇ ತೊಂದರೆ ಕೊಡುತ್ತದೆ, ಅದು ಎನ್‌ಎಫ್‌ಸಿಯಿಂದ ಹೋಗುವಂಥದ್ದೂ ಅಲ್ಲ. ಆದ್ದರಿಂದ ಹೆಸರನ್ನು ತೋರಿಸಲು ಮಾತ್ರ ಬಳಸಬೇಕು, ಹುಡುಕಲು ಗುರುತನ್ನೇ ಬಳಸಬೇಕು ಎಂದು ಬರೆಯಿರಿ.

ಇನ್ನೊಂದು ಸಾಲು ಕಡ್ಡಾಯ: ಗೊತ್ತಿಲ್ಲದ ಅಂಶ ಸಂದೇಶದಲ್ಲಿ ಕಂಡರೆ ಪ್ಲಗಿನ್ ಅದನ್ನು ಬದಿಗಿಟ್ಟು ಮುಂದೆ ಹೋಗಬೇಕು. ನಾಳೆ ನೀವು ಹೊಸದೊಂದು ಅಂಶ ಸೇರಿಸಿದಾಗ ಹಳೆಯ ಪ್ಲಗಿನ್‌ಗಳು ಬೀಳದಿರುವುದು ಈ ಸಾಲಿನಿಂದ.

ಹಂತ 4: ಪರಿಚಯ ಫೈಲ್ ಮತ್ತು ಆರಂಭ

ಪ್ರತಿ ಪ್ಲಗಿನ್‌ಗೆ ಒಂದು ಫೋಲ್ಡರ್, ಅದರಲ್ಲಿ ಒಂದು ಪರಿಚಯ ಫೈಲ್. ಹೆಸರು, ಆವೃತ್ತಿ, ಯಾವ ಕರಾರಿನ ಮೇಲೆ ಬರೆದದ್ದು, ಯಾವ ಕಿಂಡಿಗಳು ಬೇಕು, ಯಾವ ಮಾಹಿತಿ ಓದಬೇಕು, ಯಾವ ಆಜ್ಞೆಯಿಂದ ಆರಂಭಿಸಬೇಕು, ಇಷ್ಟು ಸಾಕು. ಆರಂಭವಾದ ಕೂಡಲೇ ತಂತ್ರಾಂಶ ತನ್ನ ಕರಾರಿನ ಆವೃತ್ತಿ ಹೇಳಲಿ, ಪ್ಲಗಿನ್ 3 ಸೆಕೆಂಡಿನೊಳಗೆ ತನ್ನದನ್ನು ಹೇಳಲಿ. ಹೊಂದದಿದ್ದರೆ ಆ ಪ್ಲಗಿನ್ ಮಾತ್ರ ನಿಲ್ಲಲಿ. ಕಾರಣ ಲಾಗ್ ಫೈಲಿನಲ್ಲಿ ಹೂತುಹೋಗದೆ ಪರದೆಯ ಮೇಲೆ ಕನ್ನಡದಲ್ಲಿ ಕಾಣಲಿ.

ಕೌಂಟರಿನಲ್ಲಿ ಜನ ನಿಂತಿರುವಾಗ ಕೇಳುವ ಪ್ರಶ್ನೆಗೆ 2 ಸೆಕೆಂಡ್ ಗಡುವು, ಆಮೇಲಿನ ಕೆಲಸಕ್ಕೆ 30 ಸೆಕೆಂಡ್. ಗಡುವು ಮೀರಿದ ಪ್ಲಗಿನ್ ಅನ್ನು ನಿಲ್ಲಿಸಿ ಮತ್ತೆ ಆರಂಭಿಸಿ. ಹತ್ತು ನಿಮಿಷದಲ್ಲಿ ಐದು ಸಲ ಬಿದ್ದರೆ ಮತ್ತೆ ಎಬ್ಬಿಸುವುದು ಬಿಟ್ಟು ಸಿಬ್ಬಂದಿಗೆ ತಿಳಿಸಿ.

ಪೈಪಿನ ಮೂಲಕ (ಹಂತ 2ರ ಇನ್‌ಪುಟ್-ಔಟ್‌ಪುಟ್ ಹಾದಿ) ಮಾತಾಡುವಾಗ ಕೆಡುವುದು ಸಾಮಾನ್ಯವಾಗಿ ನಾಲ್ಕೇ ಕಾರಣಕ್ಕೆ. ಪ್ಲಗಿನ್ ಉತ್ತರ ಬರೆದು ಫ್ಲಶ್ ಮಾಡಿರುವುದಿಲ್ಲ (ಪೂರ್ತಿ ಹೊರಗೆ ತಳ್ಳಿರುವುದಿಲ್ಲ), ನೀವು ಕಾಯುತ್ತಲೇ ಇರುತ್ತೀರಿ. ದೋಷ ಪತ್ತೆಗೆಂದು ಬರೆದ ಪ್ರಿಂಟ್ ಸಾಲು ಅದೇ ಔಟ್‌ಪುಟ್‌ಗೆ ಹೋಗಿ ಜೇಸನ್ ಒಡೆಯುತ್ತದೆ. ಅಂಥ ಸಾಲುಗಳೆಲ್ಲ ದೋಷ ಸಂದೇಶಗಳಿಗೆಂದೇ ಇರುವ ಎರರ್ ಹಾದಿಗೆ ಹೋಗಬೇಕೆಂದು ಕರಾರಿನಲ್ಲಿ ಬರೆಯಿರಿ. ಆ ಎರರ್ ಹಾದಿಯನ್ನು ನೀವು ಓದದೆ ಬಿಟ್ಟರೆ ಪೈಪ್ ತುಂಬಿ (ಲಿನಕ್ಸಿನಲ್ಲಿ ಸಾಮಾನ್ಯವಾಗಿ 64 ಕೆಬಿ) ಪ್ಲಗಿನ್ ಅಲ್ಲೇ ನಿಲ್ಲುತ್ತದೆ. ಬೆಳಿಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನ ಕೆಡುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ನಾಲ್ಕನೆಯದು ವಿಂಡೋಸಿನಲ್ಲಿ ಕನ್ನಡ ಅಕ್ಷರಗಳ ಬದಲು ಪ್ರಶ್ನಾರ್ಥಕ ಚಿಹ್ನೆ ಬರುವುದು. ಪೈಥಾನ್ ಪ್ಲಗಿನ್ ಆದರೆ ಯುಟಿಎಫ್-8 ಮೋಡ್ ಆನ್ ಮಾಡಿ ಆರಂಭಿಸಿ. ಅಂದಹಾಗೆ, ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ಫೈಲಿನ ಮೊದಲಿಗೆ ಬೈಟ್ ಆರ್ಡರ್ ಮಾರ್ಕ್ ಎಂಬ ಕಾಣದ ಗುರುತು ಇದ್ದರೆ ಕನ್ನಡ ಸರಿ ಕಾಣುತ್ತದೆ. ಜೇಸನ್‌ಗೆ ಮಾತ್ರ ಅದನ್ನು ಹಾಕಬಾರದು, ಎಷ್ಟೋ ಲೈಬ್ರರಿಗಳು ಮೊದಲ ಅಕ್ಷರಕ್ಕೇ ದೋಷ ಎನ್ನುತ್ತವೆ.

ತೂಕದ ಯಂತ್ರದ ಪ್ಲಗಿನ್‌ಗೆ ಒಂದೆರಡು ಮಾತು. ಯಂತ್ರಗಳು ಹೆಚ್ಚಾಗಿ ಸೀರಿಯಲ್ ಪೋರ್ಟಿನಲ್ಲಿ 9600 ಬಾಡ್ ವೇಗದಲ್ಲಿ ಅಂಕಿ ಸುರಿಸುತ್ತಲೇ ಇರುತ್ತವೆ. ಚೀಲ ಇಟ್ಟ ಕ್ಷಣದ ಅಂಕಿ ಓದಿದರೆ ತಪ್ಪು. ಸ್ಥಿರ ಎಂಬ ಸೂಚನೆ ಬಂದ ಮೇಲೆ, ಆ ಸೂಚನೆ ಕೊಡದ ಯಂತ್ರವಾದರೆ ಸತತ ಐದು ಓದು ಒಂದೇ ಆದ ಮೇಲೆ ಮಾತ್ರ ಉತ್ತರಿಸಬೇಕು. ತೂಕ, ಸ್ಥಿರವೋ ಅಲ್ಲವೋ, ಯಂತ್ರ ಕಳಿಸಿದ ಮೂಲ ಸಾಲು, ಈ ಮೂರನ್ನೂ ಪ್ಲಗಿನ್ ಕೊಡಲಿ. ದಾಖಲೆಗೆ ಬರೆಯುವುದು ತಿರುಳಿನ ಕೆಲಸ. ಮೂಲ ಸಾಲನ್ನು ಜೋಪಾನ ಮಾಡಿ, ತೂಕದ ತಕರಾರು ಬಂದಾಗ ಅದೇ ಸಾಕ್ಷಿ. ಯುಎಸ್‌ಬಿ ಪರಿವರ್ತಕವನ್ನು ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿದರೆ ವಿಂಡೋಸಿನಲ್ಲಿ ಪೋರ್ಟ್ ನಂಬರು ಬದಲಾಗಬಹುದು, ಹಾಗಾಗಿ ನಂಬರನ್ನು ಕೋಡಿನಲ್ಲಿ ಬರೆಯದೆ ಸೆಟ್ಟಿಂಗಿನಲ್ಲಿಡಿ. ಪೋರ್ಟ್ ತೆರೆಯಲು ಅನುಮತಿ ಇಲ್ಲವೆಂದು ಬಂದರೆ, ಹಳೆಯ ತೂಕದ ಪ್ರೋಗ್ರಾಂ ಹಿಂದೆ ಇನ್ನೂ ಓಡುತ್ತಿದೆಯೇ ನೋಡಿ.

ಹಂತ 5: ಘಟನೆ ಕಳೆದುಹೋಗದಂತೆ ತಲುಪಿಸುವುದು

ಮಳೆಗಾಲದಲ್ಲಿ ಘಟ್ಟದ ಮೇಲೆ ಕರೆಂಟು, ಇಂಟರ್ನೆಟ್ ಎರಡನ್ನೂ ನಂಬಿ ಕೂರುವಂತಿಲ್ಲ. ಪಟ್ಟಿ ಉಳಿಸಿದ ಕೂಡಲೇ ನೇರವಾಗಿ ಹೊರಗಿನ ಸೇವೆಗೆ ಕರೆ ಹೋದರೆ ಎರಡು ಅಪಾಯ: ನೆಟ್ ಇಲ್ಲದಿದ್ದರೆ ಕೌಂಟರ್ ನಿಲ್ಲುತ್ತದೆ, ಉಳಿಸಿದ ಮೇಲೆ ಕಳಿಸುವ ಮುನ್ನ ಕರೆಂಟು ಹೋದರೆ ಸಂದೇಶ ಶಾಶ್ವತವಾಗಿ ತಪ್ಪುತ್ತದೆ. ಇದಕ್ಕೆ ಒಂದೇ ಪರಿಹಾರ. ಪಟ್ಟಿಯನ್ನು ಉಳಿಸುವ ಅದೇ ಟ್ರಾನ್ಸಾಕ್ಷನ್‌ನಲ್ಲಿ ಘಟನೆಯನ್ನೂ ‘ರವಾನೆ’ ಎಂಬ ಟೇಬಲಿಗೆ ಬರೆಯಿರಿ. ಪ್ರತ್ಯೇಕ ರವಾನೆದಾರ ಪ್ರೋಗ್ರಾಂ ಅಲ್ಲಿಂದ ಎತ್ತಿ ಕಳಿಸಲಿ. ಎರಡೂ ಉಳಿಯುತ್ತವೆ, ಇಲ್ಲವೇ ಎರಡೂ ಇಲ್ಲ.

ತಲುಪದಿದ್ದರೆ 1, 2, 4, 8, 16, 32 ನಿಮಿಷ ಬಿಟ್ಟು ಮತ್ತೆ ಕಳಿಸಿ, ಆಮೇಲೆ ಗಂಟೆಗೊಮ್ಮೆ. ಪ್ರತಿ ಅಂತರಕ್ಕೂ ಕೆಲವು ಸೆಕೆಂಡುಗಳ ಏರುಪೇರು ಸೇರಿಸಿ, ನೆಟ್ ಬಂದ ಕ್ಷಣಕ್ಕೆ ಎಲ್ಲವೂ ಒಟ್ಟಿಗೆ ನುಗ್ಗಬಾರದು. ಸರ್ವರ್ 500ರ ಸಾಲಿನ ಉತ್ತರ (ತನ್ನ ಕಡೆಯ ದೋಷ) ಕೊಟ್ಟರೆ ಮತ್ತೆ ಪ್ರಯತ್ನಿಸಬೇಕು. 400, 401ರಂಥವು (ಕಳಿಸಿದ್ದರಲ್ಲೇ ತಪ್ಪು) ಬಂದರೆ ಮತ್ತೆ ಕಳಿಸಿ ಪ್ರಯೋಜನವಿಲ್ಲ, 408 (ಸಮಯ ಮೀರಿತು) ಮತ್ತು 429 (ಕೋರಿಕೆ ಅತಿಯಾಯಿತು) ಇದಕ್ಕೆ ಹೊರತು. ಒಂದು ದಿನ ಕಳೆದರೂ ಹೋಗದ್ದನ್ನು ‘ಬಾಕಿ’ ಎಂದು ತೋರಿಸಿ, ಅಳಿಸಬೇಡಿ.

ಈ ಕ್ರಮದಲ್ಲಿ ಒಂದೇ ಘಟನೆ ಎರಡು ಸಲ ತಲುಪುವುದು ಸಹಜ. ಸಂದೇಶ ಹೋಗಿರುತ್ತದೆ, ಅದರ ಸ್ವೀಕೃತಿ ಬರುವಷ್ಟರಲ್ಲಿ ನೆಟ್ ಹೋಗಿರುತ್ತದೆ. ಆದ್ದರಿಂದ ಘಟನೆಯ ಗುರುತನ್ನು ಬರೆದಿಟ್ಟುಕೊಂಡು, ಮತ್ತೆ ಬಂದರೆ ಕೆಲಸ ಮಾಡದೆ ‘ಸಿಕ್ಕಿತು’ ಎನ್ನುವುದು ಪ್ಲಗಿನ್ ಬರೆದವರ ಹೊಣೆ. ಎಸ್‌ಎಂಎಸ್ ವಿಷಯದಲ್ಲಿ ಇದಕ್ಕೆ ದುಡ್ಡೂ ತಗಲುತ್ತದೆ. ಕನ್ನಡದ ಒಂದು ಎಸ್‌ಎಂಎಸ್‌ಗೆ 70 ಸಂಕೇತಗಳಷ್ಟೇ ಜಾಗ, ಉದ್ದವಾಗಿ ಹಲವು ಭಾಗವಾದರೆ ಭಾಗಕ್ಕೆ 67. ‘ಕ್ವಿಂಟಲ್’ ಎಂಬ ಪದವೊಂದೇ ಎಂಟು ಸಂಕೇತ ನುಂಗುತ್ತದೆ. ಜೊತೆಗೆ ಸಂದೇಶದ ಒಕ್ಕಣೆ ಡಿಎಲ್‌ಟಿಯಲ್ಲಿ (ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ಗಳ ನೋಂದಣಿ ವ್ಯವಸ್ಥೆ) ನೋಂದಣಿಯಾಗಿರಬೇಕು, ಒಕ್ಕಣೆ ತಪ್ಪಿದರೆ ಸಂದೇಶ ತಡೆಯಲ್ಪಡುತ್ತದೆ. ಇಂಥ ನಿಯಮಗಳೆಲ್ಲ ಪ್ಲಗಿನ್ನಿನಲ್ಲೇ ಇರಲಿ, ತಿರುಳಿಗೆ ಅವುಗಳ ಸುಳಿವೂ ಬೇಡ.

ಕೆಲವರು ಕಳಿಸುವುದನ್ನು ಕಾಯದೆ ತಾವೇ ಬಂದು ‘502ನೆಯ ಘಟನೆಯ ನಂತರದ್ದು ಕೊಡಿ’ ಎಂದು ಕೇಳುವ ಕ್ರಮ ಬಯಸುತ್ತಾರೆ. ರೂಟರಿನ ಹಿಂದೆ ಇರುವ ಕಚೇರಿಗೆ ಇದು ಅನುಕೂಲ. ಆದರೆ ಇಲ್ಲೊಂದು ಸೂಕ್ಷ್ಮ ತಪ್ಪು ಅಡಗಿದೆ. ಡೇಟಾಬೇಸ್ ತಾನೇ ಕೊಡುವ ಕ್ರಮಸಂಖ್ಯೆ ಟ್ರಾನ್ಸಾಕ್ಷನ್ ಮುಗಿಯುವ ಮೊದಲೇ ಹಂಚಿಕೆಯಾಗಿರುತ್ತದೆ. ಎರಡು ಕೌಂಟರ್ ಒಟ್ಟಿಗೆ ಕೆಲಸ ಮಾಡುವಾಗ 502 ಮೊದಲು ಮುಗಿದು 501 ಆಮೇಲೆ ಮುಗಿಯಬಹುದು. ನಡುವೆ ಬಂದು ಓದಿದವರು 502 ಎಂದು ಬರೆದುಕೊಂಡು ಹೋಗುತ್ತಾರೆ, 501 ಅವರಿಗೆ ಎಂದೂ ಸಿಗುವುದಿಲ್ಲ. ಟ್ರಾನ್ಸಾಕ್ಷನ್ ಮುಗಿದ ಮೇಲೆ ರವಾನೆದಾರ ಪ್ರೋಗ್ರಾಂ ಒಂದೇ ಕೂತು ಸಂಖ್ಯೆ ಹಾಕಿದರೆ ಈ ತೊಂದರೆಯಿಲ್ಲ.

ಹಂತ 6: ಅನುಮತಿ

ಪ್ರತಿ ಪ್ಲಗಿನ್‌ಗೆ ಪ್ರತ್ಯೇಕ ಟೋಕನ್ (ಒಳಬರಲು ತೋರಿಸುವ ಗುಪ್ತ ಸಂಕೇತ) ಕೊಡಿ, ಒಂದನ್ನು ರದ್ದು ಮಾಡಿದರೆ ಉಳಿದವು ನಿಲ್ಲಬಾರದು. ಸಂದೇಶ ಕಳಿಸುವ ಪ್ಲಗಿನ್‌ಗೆ ಮೊಬೈಲ್ ನಂಬರು, ತೂಕ, ಮೊತ್ತ ಸಾಕು. ಬ್ಯಾಂಕ್ ಖಾತೆ, ಆಧಾರ್ ಅದಕ್ಕೆ ಕಾಣಲೇಬಾರದು. ಡೇಟಾಬೇಸಿನ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ‘ಓದುವುದಕ್ಕಷ್ಟೇ’ ಎಂದು ಕೇಳಿ ಪಡೆದವರ ರಿಪೋರ್ಟಿಗಾಗಿ ಒಂದು ಕಾಲಂ ಹೆಸರನ್ನೂ ಬದಲಿಸಲಾಗದ ಸ್ಥಿತಿ ಮುಂದೆ ಬರುತ್ತದೆ.

ಎಚ್‌ಟಿಟಿಪಿಯಲ್ಲಿ ಹೋಗುವ ಸಂದೇಶಕ್ಕೆ ಎರಡೂ ಕಡೆಗಷ್ಟೇ ಗೊತ್ತಿರುವ ಗುಪ್ತ ಕೀಲಿಯಿಂದ ಎಚ್‌ಮ್ಯಾಕ್ ಸಹಿ ಹಾಕಿ (ಎಸ್‌ಎಚ್‌ಎ-256). ಸಮಯವನ್ನೂ ಸೇರಿಸಿ ಸಹಿ ಮಾಡಿ, 5 ನಿಮಿಷಕ್ಕಿಂತ ಹಳೆಯದನ್ನು ಆ ಕಡೆಯವರು ತಿರಸ್ಕರಿಸಲಿ. ಮತ್ತೆ ಕಳಿಸುವಾಗಲೆಲ್ಲ ಹೊಸ ಸಮಯ, ಹೊಸ ಸಹಿ. ಸಹಿ ಹೊಂದುತ್ತಿಲ್ಲ ಎಂಬ ದೂರು ಬಂದರೆ ಮೊದಲು ಒಂದನ್ನು ಪರೀಕ್ಷಿಸಿ: ಅವರು ಬಂದ ಬೈಟುಗಳನ್ನು ಹಾಗೇ ಪರೀಕ್ಷಿಸದೆ, ಜೇಸನ್ ಬಿಡಿಸಿ ಮತ್ತೆ ಕಟ್ಟಿ ಪರೀಕ್ಷಿಸುತ್ತಿರಬಹುದು. ಕಟ್ಟುವಾಗ ಕನ್ನಡ ಅಕ್ಷರಗಳು ಯುನಿಕೋಡ್ ಸಂಕೇತ ಸಂಖ್ಯೆಗಳಾಗಿ ಬದಲಾಗಬಹುದು, ಆಗ ಸಹಿ ತಪ್ಪುತ್ತದೆ. ಇಂಗ್ಲಿಷ್ ಹೆಸರಿನ ಮಾದರಿಯಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ.

ಹಂತ 7: ಪರೀಕ್ಷೆಯ ಪೆಟ್ಟಿಗೆ

ಕಾರವಾರದ ಮಾಜಾಳಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ಹುಡುಗಿಯೊಬ್ಬಳು ನಿಮ್ಮ ಕಚೇರಿಗೆ ಬಾರದೆ, ನಿಮಗೆ ಫೋನ್ ಮಾಡದೆ ಅರ್ಧ ಗಂಟೆಯಲ್ಲಿ ಮೊದಲ ಪ್ಲಗಿನ್ ಓಡಿಸುವಂತಿರಬೇಕು. ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಪೆಟ್ಟಿಗೆ ಸಿದ್ಧಪಡಿಸಿ. ಅದರಲ್ಲಿ ಐವತ್ತು ಸಾಲು ಮೀರದ ಮಾದರಿ ಪ್ಲಗಿನ್ ಇರಲಿ, ಕಲ್ಪಿತ ಸದಸ್ಯರ ಮಾದರಿ ಘಟನೆಗಳಿರಲಿ, ನಿಮ್ಮ ತಂತ್ರಾಂಶದಂತೆ ನಟಿಸಿ ಪ್ಲಗಿನ್ ಅನ್ನು ಪರೀಕ್ಷಿಸುವ ಚಿಕ್ಕ ಪ್ರೋಗ್ರಾಂ ಇರಲಿ. ಅದು ಒಂದೇ ಘಟನೆಯನ್ನು ಎರಡು ಸಲ ಕಳಿಸಬೇಕು, ಗೊತ್ತಿಲ್ಲದ ಅಂಶ ಸೇರಿಸಿ ಕಳಿಸಬೇಕು, ಮಧ್ಯದಲ್ಲಿ ಸಂಪರ್ಕ ಕಡಿಯಬೇಕು, ಆ್ಯಂಪರ್ಸಂಡ್ ಚಿಹ್ನೆ ಇರುವ ವ್ಯಾಪಾರಿ ಹೆಸರು ಕಳಿಸಬೇಕು. ಟ್ಯಾಲಿಗೆ ಎಕ್ಸ್‌ಎಂಎಲ್ ಕಟ್ಟುವ ಪ್ಲಗಿನ್‌ಗಳು ಆ ಚಿಹ್ನೆಗೇ ಬೀಳುತ್ತವೆ.

ನಿಮ್ಮದೇ ಎರಡು ಸೌಲಭ್ಯಗಳನ್ನು, ಉದಾಹರಣೆಗೆ ತೂಕದ ಯಂತ್ರ ಮತ್ತು ಟ್ಯಾಲಿ ರವಾನೆಯನ್ನು, ಇದೇ ಕಿಂಡಿಯಿಂದ ಬರೆಯಿರಿ. ಅಡ್ಡದಾರಿ ಬೇಡ. ಕರಾರಿನಲ್ಲಿ ಏನು ಸಾಲದು ಎಂಬುದು ಹೊರಗಿನವರು ದೂರುವ ಮೊದಲೇ ನಿಮಗೆ ತಿಳಿಯುತ್ತದೆ.

ಹಂತ 8: ಕರಾರು ಬದಲಿಸುವಾಗ

ಹೊಸ ಅಂಶ ಸೇರಿಸಿದರೆ 1.2 ಹೋಗಿ 1.3 ಆಗುತ್ತದೆ, ಯಾರೂ ಏನೂ ಮಾಡಬೇಕಿಲ್ಲ. ಇದ್ದ ಅಂಶದ ಹೆಸರು, ಅಳತೆ ಅಥವಾ ಅರ್ಥ ಬದಲಾದರೆ ಅದು 2.0. ಗ್ರಾಮಿನಲ್ಲಿದ್ದ ತೂಕವನ್ನು ಅದೇ ಹೆಸರಿನಲ್ಲಿ ಕಿಲೋಗೆ ಬದಲಿಸುವುದು ಎಲ್ಲಕ್ಕಿಂತ ಕೆಟ್ಟ ಬದಲಾವಣೆ, ಯಾವ ಪ್ರೋಗ್ರಾಮೂ ದೋಷ ತೋರಿಸದೆ ತಪ್ಪು ಲೆಕ್ಕ ಹಾಕುತ್ತದೆ.

2.0 ಬಂದ ಮೇಲೂ 1ರ ಸಂದೇಶಗಳನ್ನು ಒಂದು ಪೂರ್ತಿ ಆರ್ಥಿಕ ವರ್ಷ ಕಳಿಸುತ್ತಿರಿ. ಕೊಯ್ಲು ಮುಗಿದು ಮಹಸೂಲು ಮಾರುಕಟ್ಟೆಗೆ ಭರದಿಂದ ಬರುವ ಚಳಿಗಾಲ, ಬೇಸಿಗೆಯ ದಿನಗಳಲ್ಲಿ ಕರಾರು ಮುಟ್ಟಬೇಡಿ. ಯಾವ ಟೋಕನ್ ಯಾವ ಆವೃತ್ತಿ ಬಳಸುತ್ತಿದೆ ಎಂಬ ಎಣಿಕೆ ಮೊದಲಿನಿಂದ ಇಟ್ಟಿದ್ದರೆ, ಹಳೆಯದನ್ನು ನಿಲ್ಲಿಸುವ ಮುನ್ನ ಯಾರಿಗೆ ತಿಳಿಸಬೇಕೆಂದು ಗೊತ್ತಿರುತ್ತದೆ. ನಿಲ್ಲಿಸುವ ಮೊದಲು, ವ್ಯವಹಾರ ಕಡಿಮೆ ಇರುವ ಒಂದು ದಿನ ಎರಡು ಗಂಟೆ ಮಾತ್ರ ಹಳೆಯ ಕಿಂಡಿ ಮುಚ್ಚಿ ನೋಡಿ. ಎಣಿಕೆಗೆ ಸಿಗದೆ ಉಳಿದ ಪ್ಲಗಿನ್ ಇದ್ದರೆ ಅದರವರು ಆ ಎರಡು ಗಂಟೆಯಲ್ಲಿ ಕರೆ ಮಾಡುತ್ತಾರೆ, ಬಾಕಿ ಉಳಿದ ಘಟನೆಗಳು ರವಾನೆ ಟೇಬಲಿನಿಂದ ಮತ್ತೆ ಹೋಗುತ್ತವೆ.